ಕದಿರಮ್ಮನ ಮನೆ ಮತ್ತು ತಂದೆಯ ಸಹಿ

ನನ್ನ ನಿವೃತ್ತಿಗೆ ಸ್ಮರಣ ಸಂಚಿಕೆ ತರುತ್ತಾರಂತೆ. ಹಳೆಯ ವಿದ್ಯಾರ್ಥಿಗಳ ಸಂಘದ ಹುಡುಗರು ಬಂದು, "ಸಾ, ನೀವು ಮರೆಯೋಕಾಗ್ದೇ ಇರೋ ಒಬ್ಬ ಸ್ಟೂಡೆಂಟ್ ಬಗ್ಗೆ ನಾಕು ಪುಟ ಬರ್ಕೊಡಿ" ಎಂದು ಕೇಳಿದರು. ಅವರ ಮನಸ್ಸಿನಲ್ಲಿ ಯಾರಿದ್ದರೆಂದು ನನಗೆ ಗೊತ್ತಿಲ್ಲವೇ? ಡಾಕ್ಟರಾದ ಒಬ್ಬನಿದ್ದಾನೆ, ಸಬ್ ಇನ್ಸ್‌ಪೆಕ್ಟರ್ ಆದವಳು ಒಬ್ಬಳಿದ್ದಾಳೆ. ಅವರನ್ನು ಹೊಗಳಲು ಊರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ನಾನು ಬರೆಯುವುದು ಕದಿರಮ್ಮನ ಬಗ್ಗೆ. ಅಚ್ಚು ಹಾಕಿಸುವುದಾದರೆ ಒಂದಕ್ಷರ ತೆಗೆಯದೆ ಹಾಕಿಸಿ, ಇಲ್ಲದಿದ್ದರೆ ಬಿಸಿಯೂಟದ ಒಲೆಗೆ ಹಾಕಿ. ಎರಡೂ ನನಗೆ ಒಪ್ಪಿಗೆ.

ನಂದಗುಡಿ ಹೋಬಳಿಯ ಈ ಊರಿಗೆ ನಾನು ಮೊದಲು ಬಂದದ್ದು ಸಹಶಿಕ್ಷಕನಾಗಿ. ಆಗ ಕದಿರಮ್ಮ ಏಳನೇ ತರಗತಿಯಲ್ಲಿದ್ದಳು. ಎರಡನೇ ಬೆಂಚಿನಲ್ಲಿ ಕೂರುತ್ತಿದ್ದಳು, ಯಾರಾದರೂ ತಪ್ಪು ಓದಿದರೆ ತಡೆಯಲಾಗದೆ ಅಲ್ಲಿಂದಲೇ ತಿದ್ದುತ್ತಿದ್ದಳು. ನಾನು ತಪ್ಪು ಓದಿದರೂ ತಿದ್ದುತ್ತಿದ್ದಳು. ಏಳನೆಯದು ಮುಗಿಯಿತೋ ಇಲ್ಲವೋ ಅವಳ ಅಪ್ಪ ಬಂದು, "ಹೆಣ್ಮಗೀಗೆ ಇಷ್ಟು ಸಾಕು ಮೇಷ್ಟ್ರೇ, ಟೀಸಿ ಕೊಟ್ಬುಡಿ" ಎಂದ. ಅವಳ ಅಮ್ಮ ಗೇಟಿನ ಹೊರಗೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಹತ್ತು ನಿಮಿಷದಲ್ಲಿ ತಂದೆಯ ಸಹಿ ಹಾಕಿಸಿಕೊಂಡು ಟೀಸಿ ಕೊಟ್ಟು ಕಳಿಸಿದೆ. ಗೇಟಿನವರೆಗೆ ಹೋಗಿ ಆ ತಾಯಿಯನ್ನು ಒಂದು ಮಾತು ಕೇಳಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಆಮೇಲೆ ನಾನು ಬೇರೆ ಬೇರೆ ಊರುಗಳಲ್ಲಿ ಕೆಲಸ ಮಾಡಿ ಕೊನೆಗೆ ಮುಖ್ಯ ಶಿಕ್ಷಕನಾಗಿ ಇಲ್ಲಿಗೇ ಬಂದೆ. ಅಷ್ಟು ಹೊತ್ತಿಗೆ ಕದಿರಮ್ಮ ಇದೇ ಊರಿನ ನರೇಶನನ್ನು ಮದುವೆಯಾಗಿ, ಒಂದು ಮನೆ ಕಟ್ಟಿಸಿ, ಒಬ್ಬಳು ಮಗಳನ್ನು ಹೆತ್ತಿದ್ದಳು. ಕಟ್ಟಿಸಿ ಎನ್ನುವುದು ತಪ್ಪು. ಕಟ್ಟಿದಳು. ಜಾಗ ನರೇಶನ ಅಪ್ಪನಿಂದ ಬಂದದ್ದು, ಪತ್ರ ನರೇಶನ ಹೆಸರಿನಲ್ಲೇ ಇತ್ತು. ಆದರೆ ಗಾರೆ ಹೊತ್ತವಳು ಅವಳು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಗೋಡೆಗೆ ನೀರು ಹಾಕುತ್ತಿದ್ದಳು, ಸಂಜೆ ಮತ್ತೆ ನೀರು ಹಾಕುತ್ತಿದ್ದಳು. ಎರಡು ಹಸುವಿನ ಹಾಲಿನಲ್ಲಿ ಮೇಲೇರಿದ ಮನೆ ಅದು. ಹಿತ್ತಲಲ್ಲಿ ಕೊಟ್ಟಿಗೆ, ಒಂದು ನುಗ್ಗೆಮರ, ಬೇಲಿಯ ಮೇಲೆ ಅವರೆ ಬಳ್ಳಿ. ದೊಡ್ಡ ಮನೆಯೇನಲ್ಲ, ಆದರೆ ರಸ್ತೆಗೆ ಮುಖ ಮಾಡಿಕೊಂಡಿತ್ತು. ಅದೇ ಅದಕ್ಕೆ ಮುಳುವಾಯಿತು.

ನರೇಶ ಮೊದಲು ತರಕಾರಿ ಟೆಂಪೋ ಓಡಿಸುತ್ತಿದ್ದ. ನಂದಗುಡಿಯ ಸುತ್ತ ಜಮೀನು ಕೇಳಿಕೊಂಡು ಜನ ಬರತೊಡಗಿದ ಮೇಲೆ ಟೆಂಪೋ ಮಾರಿ 'ಲ್ಯಾಂಡ್ ಬಿಸಿನೆಸ್' ಶುರು ಮಾಡಿದ. ಬಿಳಿ ಶರ್ಟು, ಎರಡು ಫೋನು, ಹಳೆಯದೊಂದು ಕಾರು. ಸ್ವಲ್ಪ ದಿನದಲ್ಲೇ ಹೊಸಕೋಟೆಯಲ್ಲಿ ಬೇರೆ ಮನೆ ಮಾಡಿಕೊಂಡು ಅಲ್ಲೇ ಉಳಿದ. ಆಮೇಲೆ ಕೋರ್ಟಿನಿಂದ ಕದಿರಮ್ಮನಿಗೆ ನೋಟಿಸು ಬಂತು. ಹೆಂಡತಿ ಜಗಳಗಂಟಿ, ಹೊತ್ತಿಗೆ ಅನ್ನ ಹಾಕುವುದಿಲ್ಲ, ಮಾನಸಿಕ ಹಿಂಸೆ ಕೊಡುತ್ತಾಳೆ, ಆದ್ದರಿಂದ ವಿಚ್ಛೇದನ ಬೇಕು! ಮೂರು ವರ್ಷದಿಂದ ಮನೆಯಲ್ಲಿ ಒಂದು ಹೊತ್ತು ಊಟ ಮಾಡದವನಿಗೆ ಹೊತ್ತಿಗೆ ಅನ್ನ ಹಾಕಲಿಲ್ಲವಂತೆ. ಈ ಮಾತು ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಕದಿರಮ್ಮ ಕೋರ್ಟಿನಲ್ಲಿ ಹೇಳಿದ್ದು ಇಷ್ಟೇ. "ಗಂಡ ಬೇಡ ಸ್ವಾಮಿ. ಮನೆ ಬೇಕು. ನನ್ ಮಗಳ ಓದು ಮುಗಿಯೋವರ್ಗೂ ಬೇಕು." ಮನೆಯನ್ನು ಮಗಳ ಹೆಸರಿಗೆ ಮಾಡಿದರೆ ಆ ಕ್ಷಣವೇ ವಿಚ್ಛೇದನಕ್ಕೆ ಸಹಿ ಹಾಕುತ್ತೇನೆ ಎಂದಳು. ನರೇಶ ಒಪ್ಪಲಿಲ್ಲ. ಅವನಿಗೆ ಬೇಕಿದ್ದದ್ದು ರಸ್ತೆಯ ಮುಖ. ಕೊನೆಗೆ ಕೋರ್ಟು ಒಂದು ಆದೇಶ ಮಾಡಿತು. ಕೇಸು ಮುಗಿಯುವವರೆಗೆ ತಾಯಿ ಮಗಳು ಆ ಮನೆಯಲ್ಲೇ ಇರಬಹುದು, ನರೇಶ ಅವರನ್ನು ಹೊರಗೆ ಹಾಕುವಂತಿಲ್ಲ, ಮನೆ ಮಾರುವಂತಿಲ್ಲ. ಆ ಆದೇಶದ ಪ್ರತಿಯನ್ನು ಕದಿರಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಪಟದ ಹಿಂದೆ ಇಟ್ಟಿದ್ದಳು. ನರೇಶನಿಗೆ ಅದು ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು.

ಮಗಳು ಬಿಂದುಶ್ರೀ ನನ್ನ ಶಾಲೆಯಲ್ಲೇ ಐದನೇ ತರಗತಿ ಮುಗಿಸಿದಳು. ವಸತಿ ಶಾಲೆಯ ಪರೀಕ್ಷೆ ಬರೆದು ಸೀಟು ಪಡೆದಳು, ಈ ವರ್ಷ ನಮ್ಮ ಶಾಲೆಯಿಂದ ಪಡೆದವಳು ಅವಳೊಬ್ಬಳೇ. ಫಲಿತಾಂಶ ಬಂದ ದಿನ ಕದಿರಮ್ಮ ಹಾಲಿನ ಕ್ಯಾನು ಕೈಯಲ್ಲಿ ಹಿಡಿದೇ ಶಾಲೆಗೆ ಓಡಿ ಬಂದು, ಕ್ಯಾನಿನಲ್ಲಿದ್ದ ಹಾಲನ್ನೆಲ್ಲ ಬಿಸಿಯೂಟದ ಪಾತ್ರೆಗೆ ಸುರಿದು ಹೋದಳು. ಅಡುಗೆಯ ಪಾಪಕ್ಕ ಅಂದು ಮಕ್ಕಳಿಗೆಲ್ಲ ಪಾಯಸ ಮಾಡಿದಳು.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ಜೂನಿನ ಒಂದು ಶುಕ್ರವಾರ ದಾಖಲಾತಿಯ ಫಾರಂ ಬಂತು. ಸೋಮವಾರದೊಳಗೆ ಕೊಡಬೇಕು, ತಡವಾದರೆ ಸೀಟು ಮುಂದಿನವರಿಗೆ. ಮೂವತ್ತನಾಲ್ಕು ವರ್ಷಗಳಿಂದ ನನ್ನದೊಂದು ಅಭ್ಯಾಸ. ಯಾವ ಫಾರಂ ಬಂದರೂ ಪೆನ್ಸಿಲಿನಲ್ಲಿ ಸಣ್ಣದೊಂದು ಇಂಟು ಗುರುತು ಹಾಕಿ, "ಇಲ್ಲಿ ತಂದೆ ಸಹಿ" ಎಂದು ಕೊಡುವುದು. ತಂದೆ ಸತ್ತಿದ್ದರೆ ಮಾತ್ರ ತಾಯಿ. ನಾನು ಸೇರಿದಾಗಿನ ಮುಖ್ಯ ಶಿಕ್ಷಕರು ಹಾಗೆ ಮಾಡುತ್ತಿದ್ದರು, ನಾನೂ ಮಾಡಿದೆ. ಬಿಂದುಶ್ರೀಯ ಫಾರಮ್ಮಿಗೂ ಇಂಟು ಗುರುತು ಹಾಕಿದೆ.

"ಮೇಷ್ಟ್ರೇ, ನಂದ್ ಸಹಿ ಸಾಲ್ದಾ?" ಎಂದಳು ಕದಿರಮ್ಮ.

"ಸಾಲಲ್ಲ ಕಣಮ್ಮ. ತಂದೆ ಬದುಕಿದಾನಲ್ಲ."

"ಅವ್ನು ಬದುಕಿರೋದು ನಿಮ್ ಫಾರಮ್ಗೆ ಮಾತ್ರ ಗೊತ್ತು ಮೇಷ್ಟ್ರೇ. ಒಂದಿನ ಸ್ಕೂಲ್ ಕಡೆ ಬಂದವ್ನಾ? ಮಗಳು ಎಷ್ಟನೇ ಕ್ಲಾಸು ಅಂತ ಕೇಳಿ ನೋಡಿ."

"ರೂಲ್ಸು ಕಣಮ್ಮ, ನಾನೇನ್ ಮಾಡ್ಲಿ" ಎಂದೆ. ಯಾವ ರೂಲ್ಸು? ಎಲ್ಲಿ ಬರೆದಿತ್ತು? ನಾನು ನೋಡಿರಲಿಲ್ಲ. ಆದರೆ ಎಷ್ಟು ಗತ್ತಿನಿಂದ ಹೇಳಿದೆ!

ಅವಳು ನರೇಶನಿಗೆ ಫೋನು ಮಾಡಿದಳು. ಅವನು ಬಯ್ಯಲಿಲ್ಲ, ಕೂಗಾಡಲಿಲ್ಲ. "ಸಹಿ ತಾನೆ? ಹಾಕ್ತೀನ್ ಬುಡು. ಭಾನ್ವಾರ ಅರಳೀಕಟ್ಟೆ ಹತ್ರ ಬಾ, ನಾಕು ಜನರ ಮುಂದೆ ಹಾಕ್ತೀನಿ" ಎಂದ.

ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ಬೈಲಪ್ಪನವರು ಕೂತಿದ್ದರು. ಡೈರಿಯ ಅಧ್ಯಕ್ಷರು, ನಮ್ಮ ಶಾಲಾ ಸಮಿತಿಗೂ ಅವರೇ ಅಧ್ಯಕ್ಷರು, ಊರಿನ ಯಾವ ಪಂಚಾಯ್ತಿಯೂ ಅವರಿಲ್ಲದೆ ನಡೆಯುವುದಿಲ್ಲ. ಪಕ್ಕದಲ್ಲಿ ನಾಲ್ಕೈದು ಹಿರಿಯರು. ಫಾರಂ ಚೀಲದಲ್ಲಿಟ್ಟುಕೊಂಡು ನಾನೂ ಹೋಗಿದ್ದೆ, ಮರ್ಯಾದಸ್ಥನಲ್ಲವೇ! ನರೇಶ ಕಾರಿನಿಂದ ಇಳಿದು ಒಂದು ಛಾಪಾ ಕಾಗದ ತೆಗೆದ. ಅದರಲ್ಲಿ ಎಲ್ಲವೂ ಮೊದಲೇ ಟೈಪಾಗಿತ್ತು. ಕದಿರಮ್ಮ ಮನೆಯ ಮೇಲಿನ ಆದೇಶವನ್ನು ತಾನಾಗಿಯೇ ಬಿಟ್ಟುಕೊಡುತ್ತಾಳೆ, ಕೇಸಿನ ಮುಂದಿನ ವಾಯಿದೆಗೆ, ಅಂದರೆ ಬರುವ ಗುರುವಾರ, ಕೋರ್ಟಿನಲ್ಲಿ ಹಾಗೆಂದು ಹೇಳುತ್ತಾಳೆ, ಹದಿನೈದು ದಿನದಲ್ಲಿ ಮನೆ ಖಾಲಿ ಮಾಡುತ್ತಾಳೆ. ಶುಕ್ರವಾರ ಬಂದ ಫಾರಮ್ಮಿಗೆ ಭಾನುವಾರ ಛಾಪಾ ಕಾಗದ ಹೇಗೆ ತಯಾರಾಗುತ್ತದೆ? ಆ ಕಾಗದ ಎಷ್ಟು ತಿಂಗಳಿನಿಂದ ಅವನ ಕಾರಿನಲ್ಲಿ ಕಾದು ಕೂತಿತ್ತೋ. ಅಲ್ಲಿದ್ದವರು ಒಬ್ಬರೂ ಅದನ್ನು ಕೇಳಲಿಲ್ಲ.

"ನೋಡಮ್ಮ," ಎಂದರು ಬೈಲಪ್ಪ, ಬಲು ನಯವಾಗಿ. "ಮಗು ಭವಿಷ್ಯ ದೊಡ್ದೋ, ನಾಕು ಗೋಡೆ ದೊಡ್ದೋ? ತಾಯಿ ಆದೋಳು ನೀನೇ ಹೇಳು."

"ಆ ನಾಕು ಗೋಡೆಗೆ ನೀರ್ ಹಾಕ್ದೋಳು ನಾನು ಬೈಲಪ್ಪಣ್ಣ. ಅವ್ನು ಒಂದು ಕಲ್ಲು ಎತ್ತಿಟ್ಟವ್ನಾ ಕೇಳಿ. ತಂದೆ ಆದೋನು ಒಂದು ಸಹಿ ಹಾಕೋಕೆ ಮನೆ ಕೇಳ್ತಾನಲ್ಲ, ಅವ್ನಿಗೆ ಯಾಕೆ ಹೇಳಲ್ಲ ನೀವು?"

"ಅವನ ಮಾತು ಬಿಡು, ಗಂಡಸು. ನೀನು ತಿಳುವಳಿಕೆ ಇರೋಳು."

ಈ ಮಾತನ್ನು ಮತ್ತೊಮ್ಮೆ ಓದಿ. ತಿಳುವಳಿಕೆ ಇಲ್ಲದವನಿಗೆ ಮನೆ, ಇರುವವಳಿಗೆ ಬೀದಿ. ಇದು ನಮ್ಮೂರಿನ ನ್ಯಾಯ, ಇದನ್ನು ಹೇಳಿದ ಬಾಯಿಗೆ ಊರಿನವರು ವರ್ಷಕ್ಕೆರಡು ಸಲ ಹಾರ ಹಾಕುತ್ತಾರೆ.

ಕದಿರಮ್ಮ ವಕೀಲರಿಗೆ ಫೋನು ಮಾಡಿದಳು. ಭಾನುವಾರ, ಯಾರೂ ಎತ್ತಲಿಲ್ಲ. ಮೂರು ಸಲ ಮಾಡಿ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಕಡೆ ತಿರುಗಿದಳು.

"ಮೇಷ್ಟ್ರೇ, ಇನ್ನೊಂದ್ಸಲ ನೋಡಿ ಹೇಳಿ. ನನ್ ಸಹೀಲಿ ಆಗಲ್ವಾ?"

ನೋಡಿ ಹೇಳಿ ಎಂದಳು. ಫಾರಂ ನನ್ನ ಚೀಲದಲ್ಲಿತ್ತು, ಚೀಲ ನನ್ನ ತೊಡೆಯ ಮೇಲಿತ್ತು. ನಾನು ತೆಗೆಯಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಆಗಲ್ಲ ಕಣಮ್ಮ" ಎಂದೆ.

ಅವಳು ಛಾಪಾ ಕಾಗದಕ್ಕೆ ಸಹಿ ಹಾಕಿದಳು. ನಾನು ಕಲಿಸಿದ ಅದೇ ದುಂಡನೆಯ ಅಕ್ಷರ. ನಾನು ಚೀಲದಿಂದ ತೆಗೆದುಕೊಟ್ಟ ಫಾರಮ್ಮನ್ನು ನರೇಶ ಕಾರಿನ ಬಾನೆಟ್ಟಿನ ಮೇಲಿಟ್ಟು ನನ್ನ ಪೆನ್ಸಿಲ್ ಗುರುತಿನ ಮೇಲೆ ಗೀಚಿದ. "ಮಗಳ ಭವಿಷ್ಯ ಅಲ್ವಾ ಸಾ" ಎಂದು ಹಲ್ಲು ಬಿಟ್ಟ. ಆಮೇಲೆ ಫಾರಮ್ಮಿನಲ್ಲಿ ಇಣುಕಿ, "ಓ, ಆರ್ನೇ ಕ್ಲಾಸಾ" ಎಂದ. ಇವತ್ತಾಗಿದ್ದರೆ ಅವನ ಕೆನ್ನೆಗೆ ಬಿಡುತ್ತಿದ್ದೆ. ಅವತ್ತು ನಾನು, "ಥ್ಯಾಂಕ್ಸಪ್ಪ ನರೇಶ" ಎಂದೆ.

ಸೋಮವಾರ ಕದಿರಮ್ಮ ಫಾರಂ ಕೊಟ್ಟು ಮಗಳನ್ನು ಸೇರಿಸಿ ಬಂದಳು. ಸಂಜೆ ನಾಲ್ಕರ ಹೊತ್ತಿಗೆ ವಸತಿ ಶಾಲೆಯ ಗುಮಾಸ್ತೆ ನನಗೆ ಫೋನು ಮಾಡಿದಳು. ಏನೋ ಜನ್ಮದಿನಾಂಕ ಕೇಳಬೇಕಿತ್ತು. ಕೇಳಿ ಮುಗಿಸಿ, "ಅಲ್ಲ ಸಾರ್, ತಾಯಿ ಹೋದ್ಮೇಲೆ ಮಗು ಹೇಳ್ತು, ಆ ಹೆಂಗಸನ್ನ ತಂದೆ ಸಹಿಗೆ ಅಂತ ಯಾಕೆ ಓಡಾಡ್ಸಿದ್ರಿ? ತಾಯಿದಿದ್ರೆ ಸಾಕಿತ್ತು. ಹಿಂದ್ಗಡೆ ಪುಟದಲ್ಲೇ ಇದೆಯಲ್ಲ" ಎಂದಳು.

ಬೀರುವಿನಲ್ಲಿ ಅದೇ ಫಾರಮ್ಮಿನ ಇನ್ನೊಂದು ಖಾಲಿ ಪ್ರತಿ ಇತ್ತು. ತೆಗೆದು ತಿರುಗಿಸಿದೆ. ತಂದೆ, ತಾಯಿ, ಪೋಷಕರು, ಈ ಮೂವರಲ್ಲಿ ಯಾರೊಬ್ಬರ ಸಹಿಯಾದರೂ ಸಾಕು ಎಂದು ಅಚ್ಚಾಗಿತ್ತು. ದಪ್ಪ ಅಕ್ಷರದಲ್ಲಿ.

ಆವತ್ತು ಸೋಮವಾರ. ಅವಳು ಕೋರ್ಟಿಗೆ ಹೋಗಬೇಕಿದ್ದದ್ದು ಗುರುವಾರ. ಎರಡರ ನಡುವೆ ಮಂಗಳವಾರ, ಬುಧವಾರ ಎಂಬ ಎರಡು ಇಡೀ ದಿನಗಳಿದ್ದವು. ಎರಡೂ ದಿನ ಬೆಳಿಗ್ಗೆ ಅವಳು ಹಾಲಿನ ಕ್ಯಾನು ಹಿಡಿದು ಶಾಲೆಯ ಮುಂದೆಯೇ ಹೋದಳು. ನಾನು ಕಿಟಕಿಯಲ್ಲಿದ್ದೆ. ಒಂದು ಸಲ "ಕದಿರಮ್ಮ" ಎಂದು ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಮೇಷ್ಟ್ರಿಗೆ ಫಾರಂ ಓದಲು ಬರುವುದಿಲ್ಲ ಎಂದು ಊರು ನಗುತ್ತದೆ, ಬೈಲಪ್ಪ ಮುನಿಸಿಕೊಳ್ಳುತ್ತಾರೆ, ಇಲಾಖೆಯವರು ವಿಚಾರಣೆ ಎನ್ನುತ್ತಾರೆ, ಪಿಂಚಣಿಯ ಕಡತ ಎಲ್ಲೋ ಕೂತುಬಿಡುತ್ತದೆ. ಹೇಗೂ ಸಹಿ ಆಗಿಹೋಯಿತಲ್ಲ ಎಂದುಕೊಂಡೆ. ಹೇಡಿತನಕ್ಕೆ ಬೇರೆ ಹೆಸರುಗಳನ್ನು ಹುಡುಕುವುದರಲ್ಲಿ ಮೇಷ್ಟ್ರುಗಳನ್ನು ಮೀರಿಸಿದವರಿಲ್ಲ.

ಗುರುವಾರ ಜಡ್ಜರು, ನಿನ್ನ ಇಷ್ಟದಿಂದಲೇ ಬಿಟ್ಟುಕೊಡುತ್ತಿದ್ದೀಯಾ ಎಂದು ಎರಡು ಸಲ ಕೇಳಿದರಂತೆ. ಅವಳ ವಕೀಲರೂ ಬೇಡವೆಂದು ತಡೆದರಂತೆ. ಎಲ್ಲರಿಗೂ "ಹೂಂ, ನನ್ ಇಷ್ಟ" ಎಂದಳಂತೆ. ಏಕೆಂದರೆ ಹಿಂದಿನ ದಿನ ನರೇಶ ಫೋನಿನಲ್ಲಿ ಹೇಳಿದ್ದ, "ತಕರಾರು ತೆಗುದ್ರೆ ನೆಟ್ಗೆ ಹೋಗಿ ಟೀಸಿ ಕಿತ್ಕೊಂಡ್ ಬರ್ತೀನಿ. ತಂದೆ ನಾನು, ಸಹಿ ಹಾಕ್ದೋನೂ ನಾನು."

ಹದಿನೈದು ದಿನಕ್ಕೆ ಮನೆ ಖಾಲಿಯಾಯಿತು. ಪಾಪಕ್ಕನ ಮನೆಯ ಹಿಂದಿನ ಒಂದು ಕೋಣೆಗೆ ಕದಿರಮ್ಮ ಹೋದಳು. ಅಲ್ಲಿ ಹಸು ಕಟ್ಟಲು ಜಾಗವಿಲ್ಲ, ಎರಡನ್ನೂ ಮಾರಿದಳು. ಟೊಮೆಟೊ ತೋಟಗಳಿಗೆ ಕೂಲಿಗೆ ಹೋಗತೊಡಗಿದಳು. ನರೇಶ ಮನೆಗೆ ಬೀಗ ಜಡಿದು, ಅವಳು ನೀರು ಹಾಕಿದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ 'ಮಾರಾಟಕ್ಕಿದೆ' ಎಂದು ಬರೆಸಿ ತನ್ನ ಎರಡೂ ಫೋನ್ ನಂಬರು ಹಾಕಿಸಿದ. ಶಾಲೆಗೆ ಬರುವಾಗ ಹೋಗುವಾಗ ನಾನು ಅದನ್ನು ಓದುತ್ತಿದ್ದೆ. ಓದದೆ ಬಿಟ್ಟ ಒಂದು ಪುಟಕ್ಕೆ ಇದನ್ನು ದಿನಕ್ಕೆರಡು ಸಲ ಓದುವುದು ನನ್ನ ಪಾಲಿಗೆ ಬಂತು.

ದಸರಾ ರಜೆಗೆ ಬಿಂದುಶ್ರೀ ಬಂದಳು. ಸಂಜೆಯ ಬಸ್ಸಿಗೆ ಬರುತ್ತಾಳೆ, ನಿಲ್ದಾಣದಲ್ಲೇ ಸೇರಿಕೊಂಡು ನಿಧಾನವಾಗಿ ಹೇಳೋಣ ಎಂದು ಕದಿರಮ್ಮ ಅಂದುಕೊಂಡಿದ್ದಳು. ಆದರೆ ಹುಡುಗಿ ಗೆಳತಿಯ ಅಪ್ಪ ಅಮ್ಮನ ಜೊತೆ ಮಧ್ಯಾಹ್ನವೇ ಬಂದುಬಿಟ್ಟಳು. ತಾಯಿ ಕೂಲಿಗೆ ಹೋಗಿದ್ದಳು. ಹುಡುಗಿ ನೇರ ತನ್ನ ಮನೆಗೆ ಹೋಗಿ, ಅಲ್ಲಿಂದ ಟ್ರಂಕು ಎಳೆದುಕೊಂಡು ಶಾಲೆಗೆ ಬಂದು, ರಜೆಯಲ್ಲೂ ಕಡತ ನೋಡುತ್ತಾ ಕೂತಿದ್ದ ನನ್ನ ಬಾಗಿಲಲ್ಲಿ ನಿಂತಳು.

"ಸಾ, ನಮ್ಮನೆಗೆ ಯಾಕೆ ಬೀಗ ಹಾಕೈತೆ?"

ನಾನು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದೆ.

"ನಾನು ಹಾಸ್ಟೆಲ್ಗೆ ಹೋಗಿದ್ದಕ್ಕಾ ಸಾ?"

ಹನ್ನೊಂದು ವರ್ಷದ ಮಗು, ತಪ್ಪು ತನ್ನದೇನೋ ಎಂದು ಕೇಳುತ್ತಿತ್ತು! ತಪ್ಪು ಮಾಡಿದ ಅರವತ್ತರವನು ಕುರ್ಚಿಯಲ್ಲಿ ಕೂತಿದ್ದ. ಅವಳ ಟ್ರಂಕು ಎತ್ತಿಕೊಂಡು ಪಾಪಕ್ಕನ ಮನೆಗೆ ನಾನೇ ಕರೆದುಕೊಂಡು ಹೋದೆ. ಕದಿರಮ್ಮ ಕೂಲಿಯಿಂದ ಬರುವವರೆಗೆ ಜಗಲಿಯ ಮೇಲೆ ಕೂತಿದ್ದೆ. ಬಂದವಳಿಗೆ ಎಲ್ಲ ಹೇಳಿದೆ. ಹಿಂದಿನ ಪುಟ, ಸೋಮವಾರದ ಫೋನು, ಕಿಟಕಿ, ಎಲ್ಲ.

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು. ಟೊಮೆಟೊ ಗಿಡದ ಹಸಿರು ಕರೆ ಹತ್ತಿದ ಕೈಯನ್ನು ಬಕೆಟ್ಟಿನಲ್ಲಿ ತೊಳೆದುಕೊಳ್ಳುತ್ತಾ ಕೇಳಿದಳು.

"ಸೋಮ್ವಾರ ಗೊತ್ತಾಯ್ತು. ಗುರುವಾರ ನಾನು ಕೋರ್ಟಿಗೆ ಹೋದೆ. ಮಂಗ್ಳವಾರ, ಬುಧವಾರ ಏನ್ ಮಾಡ್ತಿದ್ರಿ ಮೇಷ್ಟ್ರೇ?"

"ತಪ್ಪಾಯ್ತು ಕಣಮ್ಮ."

"ಅದು ನಂಗೂ ಗೊತ್ತು. ಬರ್ಕೊಡಿ."

ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಕಿತ್ತು ಕೊಟ್ಟಳು. ನಾನು ಇಲಾಖೆಗೆ ಬರೆಯುವ ಕನ್ನಡದಲ್ಲಿ ಬರೆದೆ. ಮುನಿರಾಮಯ್ಯ ಎಂಬ ನಾನು ಕಣ್ತಪ್ಪಿನಿಂದ ತಂದೆಯ ಸಹಿ ಕಡ್ಡಾಯವೆಂದು ತಿಳಿಸಿರುತ್ತೇನೆ. ಅವಳು ಓದಿ ಹಾಳೆಯನ್ನು ನನ್ನ ಮುಂದೆ ಹಾಕಿದಳು.

"ಕಣ್ತಪ್ಪು ಅಂದ್ರೆ ನೋಡಿದ್ರೂ ಕಾಣ್ದೇ ಇರೋದು. ನೀವು ನೋಡೇ ಇಲ್ವಲ್ಲ. ಇನ್ನೊಂದ್ಸಲ ಬರೀರಿ."

ಎರಡನೇ ಹಾಳೆಯಲ್ಲಿ, ಫಾರಂ ಓದದೆಯೇ ಹೇಳಿದೆ ಎಂದು ಬರೆದೆ. ಅವಳು ಓದಿದಳು. ಬೆರಳಿನಿಂದ ಸಾಲು ಹಿಡಿದು ಕೊನೆಯವರೆಗೆ ಓದಿದಳು.

"ಸೋಮ್ವಾರ ಎಲ್ಲೈತೆ?"

"ಅದೂ ಬೇಕೇನಮ್ಮ? ಪಿಂಚಣಿ ಕಡತ ಇನ್ನೂ ಆಗಿಲ್ಲ. ಹೆಚ್ಚುಕಮ್ಮಿ ಆದ್ರೆ..."

ಆಗ ಅವಳ ಸಿಟ್ಟು ಹೊರಗೆ ಬಂತು. "ನಂಗೆ ಮನೆ ಬೇಕಾ ಅಂತ ನೀವು ಕೇಳುದ್ರಾ? ಅವತ್ತು ಕಟ್ಟೆ ಮೇಲೆ ಚೀಲ ತೊಡೆ ಮೇಲಿಟ್ಕೊಂಡು ಆಗಲ್ಲ ಅಂದ್ರಲ್ಲ, ನನ್ನ ಮಗಳು ಎಲ್ಲಿ ಮಲ್ಗ್ತಾಳೆ ಅಂತ ಯೋಚ್ನೆ ಮಾಡುದ್ರಾ? ನಿಮ್ಗೆ ಬರೀ ಒಂದು ಕಡತ ಹೋಗ್ತದೆ ಅಂದ್ರೆ ಇಷ್ಟು ನಡುಕ! ಬರೀರಿ. ಫೋನ್ ಬಂದಿದ್ದು ಬರೀರಿ. ಬಾಯಿ ಮುಚ್ಕೊಂಡು ಕೂತಿದ್ದೂ ಬರೀರಿ."

ಬಿಂದುಶ್ರೀ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೂರನೇ ಹಾಳೆ ಬರೆದೆ. ಎಲ್ಲವನ್ನೂ ಬರೆದೆ. ಕದಿರಮ್ಮ ಓದಿ ಮುಗಿಸಿ ಹಾಳೆಯನ್ನು ತಿರುಗಿಸಿದಳು.

"ಹಿಂದೆ ಏನೂ ಇಲ್ಲ ಕಣಮ್ಮ" ಎಂದೆ.

"ಇಲ್ಲ ಅನ್ನೋದ್ನ ಇನ್ಮೇಲೆ ನಾನೇ ನೋಡ್ಕೋತೀನಿ."

ನೋಡಿದಳು. ಆಮೇಲೆ ಮಗಳ ಪೆನ್ಸಿಲು ತೆಗೆದುಕೊಂಡು ಹಾಳೆಯ ಕೆಳಗೆ ಸಣ್ಣದೊಂದು ಇಂಟು ಗುರುತು ಹಾಕಿದಳು.

"ಇಲ್ಲಿ" ಎಂದಳು.

ಸಹಿ ಹಾಕಿದೆ. ಮನೆ ಇನ್ನೂ ಮಾರಾಟವಾಗಿಲ್ಲ. ಅವಳ ವಕೀಲರು ಆ ಹಾಳೆಯನ್ನು ಕೋರ್ಟಿಗೆ ಕೊಟ್ಟು, ಬಿಟ್ಟುಕೊಟ್ಟ ಆದೇಶವನ್ನು ಮತ್ತೆ ಕೇಳಿದ್ದಾರೆ. ಸಾಕ್ಷಿ ಹೇಳಲು ನನ್ನನ್ನು ಹೊಸಕೋಟೆ ಕೋರ್ಟಿಗೆ ಕರೆದಿದ್ದಾರೆ, ಇದೇ ಮೂವತ್ತನೇ ತಾರೀಕು, ಗುರುವಾರ. ನನ್ನ ಬೀಳ್ಕೊಡುಗೆಯೂ ಅದೇ ದಿನ, ಬೈಲಪ್ಪನವರ ಅಧ್ಯಕ್ಷತೆಯಲ್ಲಿ. ಮುಂದಕ್ಕೆ ಹಾಕಬೇಕಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಏನೇನು ತಂದಿದ್ದೀರೋ ಎಲ್ಲ ಖಾಲಿ ಕುರ್ಚಿಗೆ ಹಾಕಿ. ನಾನು ಎಂಟೂವರೆಯ ಹೊಸಕೋಟೆ ಬಸ್ಸಿನಲ್ಲಿರುತ್ತೇನೆ.